1857-58ರ ದಂಗೆಯಲ್ಲಿ ಸತ್ತ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಯ ಜೀವನಚರಿತ್ರೆ ಕಟ್ಟುವುದು ಹೇಗೆ

ಹುಟ್ಟಿನಿಂದ ಶುರು ಮಾಡಬೇಡಿ, ಸಾವಿನಿಂದ ಹಿಂದಕ್ಕೆ ಹೋಗಿ. ಅವನ ಹುಟ್ಟೂರು, ಶಾಲೆ ಎಲ್ಲ ಸಮುದ್ರದಾಚೆ ಇವೆ. ಸತ್ತ ಜಾಗ ನಮ್ಮ ಬಸ್ಸು ಹೋಗುವ ದಾರಿಯಲ್ಲೇ ಇದೆ, ಕಾಗದಪತ್ರವೂ ಆ ದಿನದ್ದೇ ಹೆಚ್ಚು.

ಚಾರ್ಲ್ಸ್ ಮ್ಯಾನ್ಸನ್‌ನನ್ನೇ ತೆಗೆದುಕೊಳ್ಳಿ. ಅವನು ಪೊಲಿಟಿಕಲ್ ಏಜೆಂಟ್, ಅಂದರೆ ದೇಶೀ ಸಂಸ್ಥಾನಗಳ ಮೇಲೆ ಕಣ್ಣಿಡಲು ಕಂಪನಿ ಇಟ್ಟ ಅಧಿಕಾರಿ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆಯವರ, ಅಂದರೆ ಬಾಬಾಸಾಹೇಬರ, ದಂಡು ಅವನನ್ನು ಕೊಂದಿತು. ರುಂಡ ನರಗುಂದದ ಅಗಸಿಗೆ ಏರಿತು. ಜೂನ್ ಮೊದಲಲ್ಲೇ ಕರ್ನಲ್ ಮಾಲ್ಕಂ ಊರು ಹಿಡಿದ. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು. ಇಷ್ಟನ್ನು ಮೊದಲ ಹಾಳೆಯಲ್ಲಿ ಬರೆದಿಡಿ. ಘಟನೆ ನಡೆದದ್ದು ರಾತ್ರಿ. ಹೀಗಾಗಿ ಒಂದು ಕಾಗದ 29 ಅಂದರೆ ಇನ್ನೊಂದು 30 ಅನ್ನಬಹುದು. ಎರಡನ್ನೂ ಬರೆದುಕೊಳ್ಳಿ, ತಿದ್ದಬೇಡಿ.

ಮುಂದಿನ ಹಾಳೆಗೆ ನಾಲ್ಕು ಕಾಲಂ ಹಾಕಿ: ತಾರೀಖು, ದರ್ಜೆ, ಹುದ್ದೆ, ಆಧಾರ. ಹೆಚ್ಚಿನವರು ಎಡವುವುದು ಇಲ್ಲಿಯೇ. ಪೊಲಿಟಿಕಲ್ ಏಜೆಂಟ್ ಎಂಬುದು ಹುದ್ದೆ, ಸೈನ್ಯದ ದರ್ಜೆಯಲ್ಲ. ಸಿವಿಲ್ ನೌಕರರಿಗೂ ಸೈನ್ಯದವರಿಗೂ ಅದನ್ನು ಕೊಡುತ್ತಿದ್ದರು. ಅದೇ ಹೊತ್ತಿಗೆ ಕೊಲ್ಲಾಪುರದಲ್ಲಿದ್ದ ಲೆ ಗ್ರ್ಯಾಂಡ್ ಜೇಕಬ್ ಮುಂಬಯಿ ಸೈನ್ಯದವನಾಗಿದ್ದು ರಾಜಕೀಯ ಕೆಲಸ ನೋಡುತ್ತಿದ್ದ. ಹಾಗಾಗಿ ಹೆಸರನ್ನು ಸಿವಿಲ್ ಪಟ್ಟಿಯಲ್ಲೂ ಸೈನ್ಯದ ಪಟ್ಟಿಯಲ್ಲೂ ಹುಡುಕಿ. ಮ್ಯಾನ್ಸನ್‌ನನ್ನು ಕ್ಯಾಪ್ಟನ್ ಎಂದೋ ಕರ್ನಲ್ ಎಂದೋ ಊಹೆಯಿಂದ ಬರೆಯುವುದು ತಪ್ಪು.

ಸೈನ್ಯದವನಾದರೆ ರೆಜಿಮೆಂಟಿನ ನಂಬರಿನ ಹಿಂದೆ ಪ್ರಾಂತ್ಯದ ಹೆಸರು ಇರಲೇಬೇಕು. ಬಂಗಾಳ, ಮದ್ರಾಸ್, ಮುಂಬಯಿ ಮೂರಕ್ಕೂ ಬೇರೆ ಬೇರೆ 11ನೇ ನೇಟಿವ್ ಇನ್‌ಫೆಂಟ್ರಿ, ಅಂದರೆ ಸಿಪಾಯಿಗಳ ಕಾಲಾಳು ರೆಜಿಮೆಂಟು, ಇತ್ತು. 1857ರ ಮೇ 10ರಂದು ಮೇರಠದಲ್ಲಿ ಸತ್ತ ಕರ್ನಲ್ ಜಾನ್ ಫಿನ್ನಿಸ್ ಬಂಗಾಳದ 11ನೆಯದರ ಮುಖ್ಯಸ್ಥ. ಗುಂಡು ಹಾರಿಸಿದವರು 20ನೆಯದರ ಸಿಪಾಯಿಗಳು. ಇದು ಗೊತ್ತಿಲ್ಲದವರು ಫಿನ್ನಿಸ್‌ನ ಸ್ವಂತ ಸಿಪಾಯಿಗಳೇ ಅವನನ್ನು ಕೊಂದರೆಂದು ಬರೆದುಬಿಡುತ್ತಾರೆ.

ದರ್ಜೆ ಏರಿದ ವರ್ಷಗಳು ಕಂಪನಿಯ ರಿಜಿಸ್ಟರುಗಳಲ್ಲಿ ಸಿಗುತ್ತವೆ. ಒಂದೊಂದೇ ವರ್ಷ ಹಿಂದಕ್ಕೆ ತಿರುವುತ್ತ ಹೋಗಿ. ಮೇಜರ್ ದರ್ಜೆಯವರೆಗೆ ಬಡ್ತಿ ರೆಜಿಮೆಂಟಿನೊಳಗೆ ಸರದಿ ಪ್ರಕಾರ. ಸಾಮಾನ್ಯವಾಗಿ ಮೇಲಿನವನು ಸತ್ತರೆ ಅಥವಾ ನಿವೃತ್ತನಾದರೆ ಜಾಗ ಖಾಲಿ. 'ಬ್ರೆವೆಟ್' ಎಂದಿದ್ದರೆ ಅದು ಹೆಸರಿಗೆ ಕೊಟ್ಟ ದರ್ಜೆ, ಬೇರೆ ಸಾಲಿಗೆ ಹಾಕಿ. ನಡುವೆ ಎರಡು ವರ್ಷ ಸುದ್ದಿಯೇ ಇಲ್ಲದಿದ್ದರೆ ಬಹುಶಃ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿರುತ್ತಾನೆ.

ಹುಟ್ಟು, ಓದು ಬೇಕಾದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಕೆಡೆಟ್ ಕಾಗದಗಳು, ಅಂದರೆ ಸೈನ್ಯಕ್ಕೆ ಸೇರುವಾಗ ಕೊಟ್ಟ ಅರ್ಜಿಗಳು, ನೋಡಿ; ಅವುಗಳ ಕಡತ ಸಂಖ್ಯೆ ಎಲ್/ಮಿಲ್/9. ಮುಂಬಯಿ ಪ್ರಾಂತ್ಯದ ಅಂತ್ಯಕ್ರಿಯೆಯ ದಾಖಲೆ ಎನ್/3ರಲ್ಲಿದೆ. ನರಗುಂದ ಸೇರಿದ್ದ ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿದ್ದರಿಂದ ಹಳೆಯ ಸರಕಾರಿ ಪತ್ರಗಳಿಗೆ ಬೆಂಗಳೂರಿಗಿಂತ ಮುಂಬಯಿಯ ಪತ್ರಾಗಾರವೇ ಗತಿ.

ಹುಡುಕುವಾಗ ಹಳೆಯ ಇಂಗ್ಲಿಷ್ ಕಾಗುಣಿತ ಹಾಕಿ: ಧಾರ್ವಾರ್, ನರ್ಗುಂಡ್, ನರ್ಗೂಂದ್. ಕನ್ನಡದಲ್ಲಿ 'ನರಗುಂದ ಬಂಡಾಯ' ಅಂದರೆ 1980ರ ರೈತ ಹೋರಾಟವೂ ಬರುತ್ತದೆ, 1858 ಸೇರಿಸಿ.

ಗೋರಿಕಲ್ಲು ಸಿಕ್ಕರೆ ಆಸಿಡ್, ಸುಣ್ಣದ ಪುಡಿ, ತಂತಿಯ ಬ್ರಷ್ ಮುಟ್ಟಿಸಬೇಡಿ. ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಸೂರ್ಯ ಇಳಿಯುವ ಹೊತ್ತಿಗೆ ಹೋಗಿ. ಓರೆ ಬೆಳಕಿಗೆ ಸವೆದ ಅಕ್ಷರದ ಅಂಚಿನಲ್ಲಿ ನೆರಳು ಬಿದ್ದು ಎದ್ದು ಕಾಣುತ್ತದೆ. ಮೋಡವಿದ್ದರೆ ಪಕ್ಕದಿಂದ ಟಾರ್ಚ್ ಹಿಡಿದು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ.

ಕೊನೆಯ ಹಾಳೆ ಬಾಬಾಸಾಹೇಬರಿಗೆ ಇರಲಿ. ದತ್ತು ತೆಗೆದುಕೊಳ್ಳಲು ಒಪ್ಪಿಗೆ ಸಿಗಲಿಲ್ಲ, ಮೇಲೆ ಆಯುಧ ಒಪ್ಪಿಸಬೇಕೆಂಬ ಕಾನೂನು ಬಂತು. ಈ ಎರಡು ಸಂಗತಿ ಬಿಟ್ಟರೆ ಮೇ 29ರ ರಾತ್ರಿ ಯಾಕೆ ಬಂತು ಎಂಬುದೇ ಓದುವವರಿಗೆ ತಿಳಿಯುವುದಿಲ್ಲ.