ನಿದ್ದೆ ಕೆಡದಂತೆ ಚಹಾ ಕುಡಿಯುವುದು ಹೇಗೆ?

ಹುಬ್ಬಳ್ಳಿಯಲ್ಲಿ ಗಿರ್ಮಿಟ್, ಮಿರ್ಚಿ ತಿಂದ ಮೇಲೆ ಚಹಾ ಬೇಡ ಅನ್ನುವವರು ಕಡಿಮೆ. ಹಾಗಾಗಿ ಚಹಾ ಬಿಡಿ ಅಂತ ಹೇಳುವುದಿಲ್ಲ, ನಿದ್ದೆ ಕೆಡಿಸುವ ಕೆಫೀನ್ ಎಷ್ಟು ಹೊಟ್ಟೆಗೆ ಹೋಗುತ್ತಿದೆ ಅಂತ ಗೊತ್ತಿದ್ದರೆ ಸಾಕು.

240 ಮಿ.ಲೀ. ಕಪ್ಪು ಚಹಾದಲ್ಲಿ ಸುಮಾರು 40ರಿಂದ 50 ಮಿ.ಗ್ರಾಂ ಕೆಫೀನ್ ಇರುತ್ತದೆ. ಗ್ರೀನ್ ಟೀಯಲ್ಲಿ 30ರ ಆಸುಪಾಸು. ಅಷ್ಟೇ ಬ್ಲ್ಯಾಕ್ ಕಾಫಿಯಲ್ಲಿ 95ರಷ್ಟು. ಅಂಗಡಿಯ ಗ್ಲಾಸು ಸಣ್ಣದು ನಿಜ, ಆದರೆ ಅಲ್ಲಿ ಸಣ್ಣ ಕಾಳಿನ ಸಿಟಿಸಿ (ಯಂತ್ರದಲ್ಲಿ ಎಲೆ ಜಜ್ಜಿ, ಹರಿದು, ಸುರುಳಿ ಮಾಡಿದ) ಪುಡಿಯನ್ನು ಖಡಕ್ ಆಗುವ ತನಕ ಕುದಿಸುತ್ತಾರೆ, ಸಣ್ಣ ಪುಡಿ ಕೆಫೀನನ್ನು ಬೇಗ ಬಿಡುತ್ತದೆ, ಅದಕ್ಕೇ ಗ್ಲಾಸು ನೋಡಿ ಮೋಸ ಹೋಗಬೇಡಿ.

ಬಣ್ಣವನ್ನೂ ನಂಬಬೇಡಿ. ಕಪ್ಪು, ಹಸಿರು, ಬಿಳಿ ಎಲ್ಲವೂ ಒಂದೇ ಜಾತಿಯ ಗಿಡದ ಎಲೆ. ಎಳೆ ಚಿಗುರಿನಲ್ಲಿ ಕೆಫೀನ್ ಜಾಸ್ತಿ, ಆದ್ದರಿಂದ ಚಿಗುರಿನಿಂದ ಮಾಡುವ ಬಿಳಿ ಚಹಾ ಯಾವಾಗಲೂ ಹಗುರ ಅಲ್ಲ. ಹಾಲು ಹಾಕಿದರೆ ಕೆಫೀನ್ ಸಾಯುವುದಿಲ್ಲ, ನೀರಿನ ಜಾಗ ಹಾಲು ತಗೊಳ್ಳುತ್ತದೆ ಅಷ್ಟೇ. ಅರ್ಧ ನಿಮಿಷ ನೆನೆಸಿ ಮೊದಲ ನೀರು ಚೆಲ್ಲಿದರೆ ಕೆಫೀನ್ ಹೋಗುತ್ತದೆ ಅನ್ನುತ್ತಾರಲ್ವಾ? ಹೋಗುವುದು ಸ್ವಲ್ಪವೇ, ಸುಮ್ನೆ ರುಚಿ ಹಾಳು.

ಕಡಿಮೆ ಮಾಡಬೇಕಾದರೆ ಪುಡಿ ಕಡಿಮೆ ಹಾಕಿ, ಬೇಗ ಸೋಸಿ. ಶುಂಠಿ ಚಹಾದಲ್ಲೂ ಚಹಾಪುಡಿ ಇದ್ದರೆ ಕೆಫೀನ್ ಇದ್ದೇ ಇದೆ. ಜೀರಿಗೆ, ಕೊತ್ತಂಬರಿ ಕಷಾಯದಲ್ಲಿ ಇಲ್ಲ.

ಸಂಜೆ 6ಕ್ಕೆ ಕುಡಿದ ಕೆಫೀನಿನ ಅರ್ಧದಷ್ಟು ರಾತ್ರಿ 11ಕ್ಕೂ ಮೈಯಲ್ಲಿ ಉಳಿದಿರಬಹುದು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿ.ಗ್ರಾಂ ಮಿತಿ, ಬಸುರಿಯರಿಗೆ 200. ಕಾಫಿ, ಕೋಲಾ ಕುಡಿದಿದ್ದರೆ ಅದನ್ನೂ ಇದರಲ್ಲೇ ಸೇರಿಸಿ.