ಹೊಸಬರಿಗೆ ಮಾರ್ಗದರ್ಶಿ: ರಿಕೋ ಕೇಸಿನಲ್ಲಿ ಹೆಸರು ಬಂದರೆ, ವಕೀಲರನ್ನು ಹುಡುಕಬೇಕಾದರೆ

ಅಮೆರಿಕಕ್ಕೆ ಹೊಸದಾಗಿ ಬಂದವರ ಮಾರ್ಗದರ್ಶಿಯಲ್ಲಿ ಈ ಭಾಗ ಬೇಕಾ ಅಂತ ನಮ್ಮ ಕನ್ನಡ ಸಂಘದ ಸಮಿತಿಯಲ್ಲಿ ಎರಡು ಸಲ ಚರ್ಚೆಯಾಯಿತು. "ನಮ್ಮ ಜನಕ್ಕೆ ಇದೆಲ್ಲ ಯಾಕೆ, ಹೊಸಬರು ಹೆದರಿಬಿಡ್ತಾರೆ" ಅಂದರು ಕೆಲವರು. ಬೇಕೇ ಬೇಕು ಅಂತ ಹಠ ಹಿಡಿದವನು ನಾನು. ಕಾರಣ ಇದು.

ನಾನು ಅಮೆರಿಕಕ್ಕೆ ಬಂದು ಎರಡು ವರ್ಷ ತುಂಬಿರಲಿಲ್ಲ. ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಕೆಲಸ. ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ಬಡಿದರು. ಇಬ್ಬರು ಫೆಡರಲ್ (ಕೇಂದ್ರ ಸರಕಾರದ) ಏಜೆಂಟರು, ಕೈಯಲ್ಲಿ ಬ್ಯಾಡ್ಜು. ವಾರಂಟ್ ಇರಲಿಲ್ಲ. ಸ್ವಲ್ಪ ಮಾತಾಡಬೇಕು ಅಂದರು. ಮನೆಗೆ ಬಂದವರನ್ನು ಹೊಸಿಲಾಚೆ ನಿಲ್ಲಿಸಿ ಮಾತಾಡಿಸುವ ಅಭ್ಯಾಸ ನಮಗಿಲ್ಲ ಅಲ್ವಾ? ಒಳಗೆ ಕರೆದೆ. ನನ್ನ ಹೆಂಡತಿ ಫಿಲ್ಟರ್ ಕಾಫಿ ತಂದಿಟ್ಟಳು. ಒಂದೂವರೆ ಗಂಟೆ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಕೊನೆಗೆ ಒಂದು ಟೈಮ್‌ಶೀಟ್ (ಕೆಲಸದ ಗಂಟೆಗಳ ಲೆಕ್ಕದ ಹಾಳೆ) ತೋರಿಸಿ "ಈ ಸಹಿ ನಿಮ್ಮದಾ?" ಅಂದರು. ಹೆದರಿಕೆಗೆ "ಅಲ್ಲ" ಅಂದುಬಿಟ್ಟೆ. ಸಹಿ ನನ್ನದೇ.

ಫೆಡರಲ್ ಏಜೆಂಟರಿಗೆ ಗೊತ್ತಿದ್ದೂ ಸುಳ್ಳು ಹೇಳುವುದು ಇಲ್ಲಿ ಪ್ರತ್ಯೇಕ ಅಪರಾಧ. ಪ್ರಮಾಣ ಮಾಡಿ ಹೇಳಿರಬೇಕು ಅಂತಿಲ್ಲ, ಕಾಫಿ ಕುಡಿಯುತ್ತಾ ಹೇಳಿದರೂ ಸಾಕು. ಸಾಮಾನ್ಯವಾಗಿ ಐದು ವರ್ಷದವರೆಗೆ ಜೈಲು. ಮುಂದೆ ನಮ್ಮ ಮಾಲೀಕರ ಮೇಲೆ ರಿಕೋ, ಅಂದರೆ ಸಂಘಟಿತ ಅಪರಾಧದ ಕಾಯ್ದೆಯ ಕೇಸು ಬಿತ್ತು. ನನ್ನ ಮೇಲೆ ಕೇಸು ಬರಲಿಲ್ಲ. ಆದರೆ ಆ ಒಂದು "ಅಲ್ಲ" ಅನ್ನು ಸರಿಪಡಿಸುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಊರಲ್ಲಿ ಸೈಟು ತಗೊಳ್ಳೋಣ ಅಂತ ಕೂಡಿಟ್ಟ ದುಡ್ಡೆಲ್ಲ ಅದಕ್ಕೇ ಹೋಯಿತು.

ರಿಕೋ ಅಂದರೆ ಏನು

ಊರಲ್ಲಿ "ಕೋಕಾ ಹಾಕಿದರು" ಅಂತ ಪೇಪರಲ್ಲಿ ಓದಿರುತ್ತೀರಿ. ನಮ್ಮ ಕೋಕಾ, ಅಂದರೆ ಕರ್ನಾಟಕದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, 2000ದ ಕಾಯ್ದೆ. ಇಲ್ಲಿಯ ರಿಕೋ ಅದಕ್ಕಿಂತ ಹಳೆಯದು, 1970ರ ಕಾಯ್ದೆ. ಮಾಫಿಯಾ ಕುಟುಂಬಗಳನ್ನು ಹಿಡಿಯುವುದಕ್ಕೆ ಅಂತ ಬರೆದದ್ದು. ಕೊಲೆ ಮಾಡಿದವನು ಸಿಕ್ಕಿಬೀಳುತ್ತಿದ್ದ, ಮಾಡಿಸಿದ ಯಜಮಾನ ತಪ್ಪಿಸಿಕೊಳ್ಳುತ್ತಿದ್ದ. ಇಡೀ ಕೂಟವನ್ನೇ ಒಂದು ಕೇಸಿನಲ್ಲಿ ಕಟ್ಟಿಹಾಕುವ ದಾರಿ ಬೇಕಿತ್ತು.

ಆದರೆ ಅದು ಮಾಫಿಯಾಕ್ಕೇ ನಿಲ್ಲಲಿಲ್ಲ. 2015ರಲ್ಲಿ ಫಿಫಾ ಫುಟ್‌ಬಾಲ್ ಅಧಿಕಾರಿಗಳ ಮೇಲೆ ಬಂತು. 2019ರಲ್ಲಿ ಕಾಲೇಜು ಸೀಟಿನ ಲಂಚದ ಹಗರಣದಲ್ಲಿ ಬಂತು, ಅದರ ಮುಖ್ಯ ದಲ್ಲಾಳಿ ತಪ್ಪೊಪ್ಪಿಕೊಂಡ. ಹಾಗಾಗಿ "ನಾವೇನು ರೌಡಿಗಳಾ" ಅಂತ ಕೂರಬೇಡಿ.

ಸರಕಾರ ಸಾಬೀತು ಮಾಡಬೇಕಾದದ್ದು ಸ್ಥೂಲವಾಗಿ ಹೀಗೆ. ಒಂದು "ಎಂಟರ್‌ಪ್ರೈಸ್" ಇರಬೇಕು. ಅದು ನೋಂದಾಯಿತ ಕಂಪನಿಯೇ ಆಗಬೇಕಿಲ್ಲ, ಒಂದು ಉದ್ದೇಶಕ್ಕೆ ಕೂಡಿಕೊಂಡ ನಾಲ್ಕು ಜನರೂ ಆಗಬಹುದು. ಅದರ ವ್ಯವಹಾರದಲ್ಲಿ ಕಾಯ್ದೆಯ ಪಟ್ಟಿಯಲ್ಲಿರುವ ಅಪರಾಧಗಳು ಹತ್ತು ವರ್ಷದೊಳಗೆ ಕಡಿಮೆ ಅಂದರೂ ಎರಡು ನಡೆದಿರಬೇಕು. ಅವುಗಳ ನಡುವೆ ಸಂಬಂಧ ಇರಬೇಕು, ಮುಂದುವರಿಯುವ ಲಕ್ಷಣವೂ ಇರಬೇಕು. ಆ ಪಟ್ಟಿ ಉದ್ದ ಇದೆ. ಕೊಲೆ, ಸುಲಿಗೆ ಮಾತ್ರ ಅಲ್ಲ. ಟಪಾಲು ಮೂಲಕ ಮೋಸ, ಇಮೇಲ್ ಅಥವಾ ಬ್ಯಾಂಕ್ ವರ್ಗಾವಣೆ ಮೂಲಕ ಮೋಸ, ಲಂಚ, ಮನಿ ಲಾಂಡರಿಂಗ್, ವೀಸಾ ಕಾಗದದಲ್ಲಿ ಸುಳ್ಳು, ಬಲವಂತದ ದುಡಿಮೆ ಎಲ್ಲ ಅದರಲ್ಲಿವೆ. ಮೋಸದ ಯೋಜನೆಯಲ್ಲಿ ಕಳಿಸಿದ ಒಂದೊಂದು ಇಮೇಲೂ ಒಂದೊಂದು ಅಪರಾಧವಾಗಿ ಲೆಕ್ಕಕ್ಕೆ ಬರಬಹುದು.

ಇನ್ನೊಂದು, ಎಲ್ಲಕ್ಕಿಂತ ಜಾಸ್ತಿ ಜನ ಸಿಕ್ಕಿಕೊಳ್ಳುವ ಜಾಗ: ಪಿತೂರಿಯ ಆರೋಪ. ನೀವೇ ಎರಡು ಅಪರಾಧ ಮಾಡಿರಬೇಕಿಲ್ಲ. ಯೋಜನೆ ಗೊತ್ತಿದ್ದು ಅದಕ್ಕೆ ಒಪ್ಪಿದ್ದರೆ ಸಾಕು. 1997ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟೇ ಹೀಗೆ ಹೇಳಿದೆ. ಏನೂ ಗೊತ್ತಿಲ್ಲದೆ ಅಲ್ಲಿ ಕೆಲಸ ಮಾಡಿದ್ದು ಮಾತ್ರ ಅಪರಾಧವಲ್ಲ. "ಗೊತ್ತಿತ್ತಾ, ಇಲ್ವಾ" ಅನ್ನುವುದರ ಮೇಲೇ ಪೂರ್ತಿ ಹೋರಾಟ ನಡೆಯುತ್ತದೆ. ಅದಕ್ಕೇ ನಿಮ್ಮ ಬಾಯಿಂದ ಹೊರಬಿದ್ದ ಪ್ರತಿ ಮಾತಿಗೂ ಬೆಲೆ.

ಶಿಕ್ಷೆ: ಪ್ರತಿ ಆರೋಪಕ್ಕೆ 20 ವರ್ಷದವರೆಗೆ, ಮೂಲ ಅಪರಾಧಕ್ಕೆ ಜೀವಾವಧಿ ಇದ್ದರೆ ಜೀವಾವಧಿ. ಗಳಿಸಿದ್ದರ ಜಪ್ತಿ. ಫೆಡರಲ್ ಜೈಲಿನಲ್ಲಿ ಈಗಿನ ಕೇಸುಗಳಿಗೆ ಪೆರೋಲ್, ಅಂದರೆ ಮಂಡಳಿ ನೋಡಿ ಅವಧಿಗೆ ಮುಂಚೆ ಬಿಡುವ ಪದ್ಧತಿ, ಇಲ್ಲ.

ಬಾಗಿಲಲ್ಲಿ

ವಾರಂಟ್ ಇಲ್ಲದೆ ಬಂದರೆ ಒಳಗೆ ಬಿಡಬೇಕಿಲ್ಲ, ಉತ್ತರ ಕೊಡಬೇಕಿಲ್ಲ. ಇದು ಅಮರ್ಯಾದೆ ಅಲ್ಲ. "ವಕೀಲರ ಜೊತೆ ಮಾತಾಡಿ ತಿಳಿಸುತ್ತೇನೆ, ನಿಮ್ಮ ಕಾರ್ಡ್ ಕೊಡಿ" ಅನ್ನಿ. ಅಷ್ಟೇ. ಸರ್ಚ್ ವಾರಂಟ್ ಇದ್ದರೆ ಅಡ್ಡ ನಿಲ್ಲಬೇಡಿ. ಅದರ ಪ್ರತಿ ಕೇಳಿ ಪಡೆಯಿರಿ. ಹುಡುಕಲು ಬಿಡಿ, ಆದರೆ ಪ್ರಶ್ನೆಗೆ ಉತ್ತರಿಸುವ ಬಾಧ್ಯತೆ ಆಗಲೂ ಇಲ್ಲ. ಊರಿಂದ ಬಂದ ಅಪ್ಪ ಅಮ್ಮನಿಗೂ ಇದನ್ನು ಹೇಳಿಡಿ. ಹಗಲು ಮನೆಯಲ್ಲಿ ಇರುವವರು ಅವರೇ.

ಫೋನ್ ಮಾಡಿ "ನಿಮ್ಮ ಮೇಲೆ ಫೆಡರಲ್ ಕೇಸಿದೆ, ಗಿಫ್ಟ್ ಕಾರ್ಡ್ ತಗೊಂಡು ನಂಬರ್ ಹೇಳಿ" ಅಂದರೆ ಅದು ಕಳ್ಳರ ಕರೆ. ಇಟ್ಟುಬಿಡಿ.

ವಕೀಲರು

ಮೊದಲು ನನ್ನ ಎರಡನೇ ತಪ್ಪು. ಏಜೆಂಟರು ಹೋದ ಮೇಲೆ ಮಾಲೀಕರಿಗೆ ಫೋನ್ ಮಾಡಿದೆ. "ನಮ್ಮ ಲಾಯರ್ ಇದ್ದಾರೆ, ಅವರಿಗೆ ಎಲ್ಲ ಹೇಳು" ಅಂದರು. ಹೇಳಿದೆ. ಕಂಪನಿಯ ವಕೀಲರು ಕಂಪನಿಯ ವಕೀಲರು. ನೀವು ಅವರಿಗೆ ಹೇಳಿದ್ದರ ಗುಟ್ಟು ಕಂಪನಿಗೆ ಸೇರಿದ್ದು. ತನಗೆ ಅನುಕೂಲ ಅನ್ನಿಸಿದರೆ ಕಂಪನಿ ಅದನ್ನು ಸರಕಾರದ ಮುಂದೆ ಇಡಬಹುದು. ನನ್ನ ವಿಷಯದಲ್ಲಿ ಹಾಗೇ ಆಯಿತು. ನಿಮ್ಮದೇ ವಕೀಲರು ಬೇಕು. ಸ್ನೇಹಿತರೆಲ್ಲ ಸೇರಿ ಒಬ್ಬರನ್ನೇ ಹಿಡಿಯುವುದೂ ಬೇಡ. ನಾಳೆ ಒಬ್ಬ ಇನ್ನೊಬ್ಬನ ವಿರುದ್ಧ ಸಾಕ್ಷಿ ಹೇಳಬೇಕಾಗಿ ಬರಬಹುದು.

ನಿಮ್ಮ ಮನೆ ಖರೀದಿ ಮಾಡಿಸಿದ ವಕೀಲರು, ವೀಸಾ ಅರ್ಜಿ ಹಾಕಿದವರು, ಭಾವಮೈದುನನ ಸ್ನೇಹಿತರು, ಇವರು ಯಾರೂ ಈ ಕೆಲಸಕ್ಕೆ ಆಗುವುದಿಲ್ಲ. ಬೇಕಾದವರು ಫೆಡರಲ್ ಕ್ರಿಮಿನಲ್ ಡಿಫೆನ್ಸ್ ಮಾಡುವವರು, ನಿಮ್ಮ ಜಿಲ್ಲೆಯ ಫೆಡರಲ್ ಕೋರ್ಟಿನಲ್ಲಿ ನಿಂತು ವಾದ ಮಾಡಿದವರು. ಕೇಳಬೇಕಾದ್ದನ್ನು ನಾಚಿಕೆ ಬಿಟ್ಟು ಕೇಳಿ. ರಿಕೋ ಕೇಸು ಎಷ್ಟು ಮಾಡಿದ್ದೀರಿ? ಜ್ಯೂರಿ ವಿಚಾರಣೆವರೆಗೆ ಹೋದವು ಎಷ್ಟು? ನನ್ನ ಕೇಸು ನೀವೇ ನೋಡುತ್ತೀರಾ, ಕಿರಿಯರಿಗೆ ಕೊಡುತ್ತೀರಾ? ಫೀಸು ಯಾವ ಹಂತದವರೆಗೆ? ಎಲ್ಲ ಬರವಣಿಗೆಯಲ್ಲಿ ಇರಲಿ. ರಾಜ್ಯದ ಬಾರ್ (ವಕೀಲರ ಸಂಸ್ಥೆ) ವೆಬ್‌ಸೈಟಿನಲ್ಲಿ ಅವರ ಲೈಸೆನ್ಸ್ ನೋಡಿ. "ಗೆಲ್ಲಿಸಿಯೇ ಗೆಲ್ಲಿಸ್ತೀನಿ" ಅಂತ ಮಾತು ಕೊಡುವವರಿಂದ ಎದ್ದು ಬನ್ನಿ.

ದುಡ್ಡಿಲ್ಲವಾ? ಫೆಡರಲ್ ಪಬ್ಲಿಕ್ ಡಿಫೆಂಡರ್ ಇದ್ದಾರೆ, ಕೋರ್ಟೇ ನೇಮಿಸುವ ಖಾಸಗಿ ವಕೀಲರೂ ಇದ್ದಾರೆ. ನಾಗರಿಕರಲ್ಲದವರಿಗೂ ಸಿಗುತ್ತಾರೆ. ಆದಾಯದ ಅರ್ಜಿ ತುಂಬಬೇಕು, ಅದರಲ್ಲಿ ಊರಿನ ಆಸ್ತಿ ಮುಚ್ಚಿಡಬೇಡಿ. ನಮ್ಮಲ್ಲಿ "ಸರಕಾರಿ ವಕೀಲ" ಅಂದರೆ ಮೂಗು ಮುರಿಯುತ್ತಾರೆ. ಅದು ತಪ್ಪು. ಇವರು ಇದೇ ಕೋರ್ಟಿನಲ್ಲಿ ದಿನವೂ ಇದೇ ಕೆಲಸ ಮಾಡುವವರು. ಸರಕಾರ ನಿಮ್ಮ ಖಾತೆ ತಡೆಹಿಡಿದಿದ್ದರೆ ವಕೀಲರಿಗೆ ಮೊದಲೇ ತಿಳಿಸಿ. ಅಪರಾಧಕ್ಕೆ ಸಂಬಂಧವಿಲ್ಲದ ದುಡ್ಡನ್ನು ವಕೀಲರ ಫೀಸಿಗೆ ಬಳಸುವ ಹಕ್ಕನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ವಕೀಲರ ಕೋಣೆಗೆ ದೊಡ್ಡಪ್ಪ, ಮಾವ ಎಲ್ಲರನ್ನೂ ಕರೆದುಕೊಂಡು ಹೋಗಬೇಡಿ. ಹೊರಗಿನವರು ಕೂತರೆ ಮಾತಿನ ಗೋಪ್ಯ ಉಳಿಯದೆ ಹೋಗಬಹುದು. ಇಂಗ್ಲಿಷ್ ಬಾರದ ಹಿರಿಯರಾದರೆ ಫೆಡರಲ್ ಕೋರ್ಟಿನಲ್ಲಿ ಕನ್ನಡ ದುಭಾಷಿಯನ್ನು ಕೇಳಿ, ಖರ್ಚು ಕೋರ್ಟಿನದು. "ಹಿಂದಿ ಆಗುತ್ತಾ" ಅಂದರೆ ತಲೆಯಾಡಿಸಿಬಿಡಬೇಡಿ. ಹಿಂದಿ ಚೆನ್ನಾಗಿ ಬಾರದಿದ್ದರೆ ಕನ್ನಡವೇ ಬೇಕು ಅನ್ನಿ. ಕನ್ನಡ ನಮ್ಮ ಭಾಷೆ, ಅದರಲ್ಲಿ ಸಂಕೋಚ ಏಕೆ.

ಬೇಲು

- ನಿರೀಕ್ಷಣಾ ಜಾಮೀನು ಇಲ್ಲಿಲ್ಲ. ವಕೀಲರ ಮೂಲಕ ತಾವಾಗಿ ಶರಣಾಗುವ ವ್ಯವಸ್ಥೆಗೆ ಪ್ರಯತ್ನಿಸಬಹುದು.
- ಪಾಸ್‌ಪೋರ್ಟ್ ಒಪ್ಪಿಸಲು ಹೇಳಬಹುದು.
- ಜೈಲಿನ ಫೋನ್ ರೆಕಾರ್ಡ್ ಆಗುತ್ತದೆ. ಕನ್ನಡದಲ್ಲಿ ಮಾತಾಡಿದರೂ ಅನುವಾದ ಮಾಡಿಸುತ್ತಾರೆ.
- ಭಾರತದ ಪ್ರಜೆಯಾದರೆ ಕಾನ್ಸುಲೇಟ್‌ಗೆ ತಿಳಿಸಿ ಅಂತ ಕೇಳುವ ಹಕ್ಕಿದೆ.

ವೀಸಾ, ಗ್ರೀನ್ ಕಾರ್ಡ್

ರಿಕೋ ಶಿಕ್ಷೆ ಆದರೆ ವಲಸೆ ಕಾನೂನಿನಲ್ಲಿ ಅದು ಅತಿ ಗಂಭೀರ ಅಪರಾಧಗಳ ಸಾಲಿಗೆ ಸೇರುತ್ತದೆ. ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ತಪ್ಪೊಪ್ಪಿಗೆಗೆ ಸಹಿ ಹಾಕುವ ಮುಂಚೆ ಇದರ ಪರಿಣಾಮ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ, 2010ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಅವರು ಹೇಳದಿದ್ದರೆ ನೀವೇ ಕೇಳಿ.

ಮಾಡಬೇಡಿ

- ವಾಟ್ಸಾಪ್ ಮೆಸೇಜ್, ಇಮೇಲ್ ಅಳಿಸಬೇಡಿ. ತನಿಖೆಗೆ ಅಡ್ಡಿ ಮಾಡಲು ಸಾಕ್ಷ್ಯ ನಾಶ ಮಾಡಿದರೆ ಅದಕ್ಕೇ 20 ವರ್ಷದವರೆಗೆ ಇದೆ.
- ಊರಿಗೆ ದಿಢೀರ್ ಅಂತ ದುಡ್ಡು ಸಾಗಿಸಬೇಡಿ.
- ಸಹೋದ್ಯೋಗಿಗಳಿಗೆ ಫೋನ್ ಮಾಡಿ "ಹೀಗೆ ಹೇಳೋಣ" ಅನ್ನಬೇಡಿ.
- ಖಾಲಿ ಟೈಮ್‌ಶೀಟಿಗೆ, ಸುಳ್ಳು ಅನುಭವ ಪತ್ರಕ್ಕೆ ಸಹಿ ಹಾಕಬೇಡಿ. ಇದನ್ನು ಪ್ರತಿ ವರ್ಷ ಹೇಳುತ್ತೇವೆ, ಪ್ರತಿ ವರ್ಷ ಯಾರಾದರೊಬ್ಬರು ಹಾಕಿ ಬರುತ್ತಾರೆ. ಕೆಲಸ ಹೋದರೆ ಇನ್ನೊಂದು ಹುಡುಕಿಕೊಡಲು ಸಂಘದಲ್ಲಿ ಹತ್ತು ಜನ ಇದ್ದೇವೆ.
- ಸಂಘದ ಗುಂಪಿನಲ್ಲಿ ಕೇಸಿನ ವಿವರ ಬರೆಯಬೇಡಿ. ಸಹಾಯ ಬೇಕಿದ್ದರೆ "ಅಡುಗೆ ಬೇಕು, ಮಕ್ಕಳನ್ನು ನೋಡಿಕೊಳ್ಳಬೇಕು" ಅಂತಷ್ಟೇ ಬರೆಯಿರಿ. ಯಾರೂ ಕಾರಣ ಕೇಳುವುದಿಲ್ಲ. ಆ ಹನ್ನೊಂದು ತಿಂಗಳು ನಮ್ಮ ಮನೆಗೆ ವಾರಕ್ಕೆರಡು ಸಲ ಸಾರಿನ ಡಬ್ಬಿ ಬರುತ್ತಿತ್ತು. ಒಬ್ಬರೂ ಕೇಳಲಿಲ್ಲ.

ಇವತ್ತೇ ಒಂದು ಲಕೋಟೆ ಮಾಡಿ ಫ್ರಿಜ್ಜಿನ ಮೇಲಿಡಿ. ವಕೀಲರ ನಂಬರು ಕಾಗದದ ಮೇಲೆ ಇರಲಿ, ಫೋನನ್ನು ಏಜೆಂಟರು ತಗೊಂಡು ಹೋಗಬಹುದು. ಪಾಸ್‌ಪೋರ್ಟ್, ವೀಸಾ ಕಾಗದದ ಪ್ರತಿ. ಮಕ್ಕಳನ್ನು ಶಾಲೆಯಿಂದ ಯಾರು ಕರೆತರಬಹುದು ಅಂತ ಬರೆದು, ಶಾಲೆಯ ಫಾರಂನಲ್ಲೂ ಅದೇ ಹೆಸರು ಸೇರಿಸಿ. ಅಪ್ಪ ಅಮ್ಮನ ಬಿಪಿ, ಶುಗರ್ ಮಾತ್ರೆಗಳ ಚೀಟಿಯೂ ಅದರಲ್ಲೇ ಇರಲಿ.