ಸೀಮೆಎಣ್ಣೆ, ಜರಡಿ ಮತ್ತು ಇಲಿಹಲ್ಲು

ಮೊದಲೇ ಹೇಳಿಬಿಡ್ತೀನಿ, ಇದು ಬೆಂಗಳೂರು ಪಕ್ಕದ ರಾಮನಗರದ ಕಥೆಯಲ್ಲ. ಅಲ್ಲಿರೋದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಅದರಲ್ಲಿ ಪಳೆಯುಳಿಕೆ ಹಲ್ಲು ಹುಡುಕುತ್ತಾ ಕೂತರೆ ನಮ್ಮ ಹಲ್ಲೇ ಉದುರಬೇಕು. ನಾನು ಹೋಗಿದ್ದು ಜಮ್ಮುವಿನ ಉಧಂಪುರ ಜಿಲ್ಲೆಯ ರಾಮನಗರಕ್ಕೆ, ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳ ಕೆಳಗಿನ, ಹಳೆಯ ಪದರಗಳಿಗೆ. ಒಂದೇ ಒಂದು ದವಡೆಹಲ್ಲಿನಿಂದ ಕಪಿ ರಾಮನಗರೆನ್ಸಿಸ್ ಎಂಬ, ಗಿಬ್ಬನ್ ಬಂಧು ಎನ್ನಲಾದ ವಾನರನ ಹೆಸರು 2020ರಲ್ಲಿ ಪ್ರಕಟವಾದ ಮೇಲೆ ಎಲ್ಲರ ಕಣ್ಣೂ ಅಲ್ಲಿಯ ಮಂಗಗಳ ಮೇಲೆ. ನನಗೆ ಬೇಕಿದ್ದದ್ದು ಇಲಿ.

ಪಾಕಿಸ್ತಾನದ ಪೊಟ್ವಾರ್‌ನಲ್ಲಿ ಆಂಟೆಮಸ್ ಎಂಬ ಆದಿ ಇಲಿಯಿಂದ ಅದರ ನಂತರದ ಪ್ರೊಗೊನೊಮಿಸ್ ಎಂಬ ಇಲಿಯ ತನಕ ಹಲ್ಲು ಹಂತಹಂತವಾಗಿ ಬದಲಾದ ಪಳೆಯುಳಿಕೆಗಳ ಸಾಲೇ ಸಿಕ್ಕಿದೆ. ಅದರ ಒಂದು ತುಣುಕನ್ನಾದರೂ ನಮ್ಮ ಕಡೆಯ ಮಣ್ಣಿನಲ್ಲಿ, ನನ್ನ ಕೈಯಾರೆ ತೊಳೆದು ನೋಡಬೇಕು ಅನ್ನೋದು ಹಟ. ಹಿರಿಯರೊಬ್ಬರು ನಕ್ಕರು: "ಟನ್ನುಗಟ್ಟಲೆ ತೊಳೀಬೇಕಪ್ಪಾ, ಧಾರವಾಡದ ತಾರಸಿ ಮೇಲೆ ಆಗೋ ಕೆಲಸ ಅಲ್ಲ ಅದು."

ರಜೆ ಇದ್ದದ್ದು ಹತ್ತೇ ದಿನ. ಹಾಗಾಗಿ ಅನುಮತಿ ಪಡೆದು, ಹಳ್ಳದಲ್ಲೇ ತೊಳೆಯೋ ಬದಲು ಹದಿನಾಲ್ಕೋ ಹದಿನೈದೋ ಚೀಲ ಮಣ್ಣು ಲಾರಿ ಪಾರ್ಸೆಲ್‌ನಲ್ಲಿ ಊರಿಗೆ ತರಿಸಿದೆ. ಬಾಡಿಗೆ ಹತ್ತಿರ ಹತ್ತಿರ ಹನ್ನೊಂದು ಸಾವಿರ. ಚೀಲ ಇಳಿಸಿದ ಹುಡುಗ "ಸರ್, ಇಲ್ಲಿ ಮಣ್ಣಿಗೆ ಬರ ಬಂದೈತೇನ್ರೀ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಣ್ಣಿನ ಹೆಂಟೆ ಒಡೆಯೋಕೆ ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ. ನೊರೆ ಚೆನ್ನಾಗಿ ಬಂತು, ದುಡ್ಡೂ ನೊರೆಯಾಗೇ ಹೋಯ್ತು. ಹೆಂಟೆಯ ಒಳಗಿನ ಗಟ್ಟಿ ಹಾಗೇ ಉಳೀತು. ಸುಣ್ಣಗಲ್ಲು ಹೆಚ್ಚಿದ್ದ ಒಂದು ಚೀಲಕ್ಕೆ ಅಸಿಟಿಕ್ ಆಮ್ಲ ಹಾಕಿದೆ. ಆಮ್ಲ ಹಲ್ಲನ್ನೂ ತಿನ್ನದ ಹಾಗೆ ಅದಕ್ಕೆ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸೋದು ಮರೆತು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎರಡು ಹಲ್ಲು ಸಿಕ್ಕವು. ಚಿಮಟಕ್ಕೆ ತಾಗಿದ್ದೇ ಸೀಮೆಸುಣ್ಣದ ಪುಡಿ. ಆ ದಿನ ಊಟ ಸೇರಲಿಲ್ಲ.

ಕೊನೆಗೆ ಹಳೇ ಸೀಮೆಎಣ್ಣೆ ಪದ್ಧತಿಗೇ ಬಂದೆ. ರೇಷನ್ನಿನ ನೀಲಿ ಎಣ್ಣೆ ಸಿಗೋ ಕಾಲ ಹೋಯ್ತು, ಬಿಳಿ ಎಣ್ಣೆ ದುಬಾರಿ. ನಲವತ್ತು ಲೀಟರ್ ಕೊಂಡು, ಹೆಂಟೆ ನೆನೆಸಿ, ಬಸಿದು, ತಿಳಿಯಾಗಲು ಬಿಟ್ಟು, ಮತ್ತೆ ಮತ್ತೆ ಬಳಸಿದೆ. ಎಲ್ಲ ಮುಗಿದಾಗ ಆರೇಳು ಲೀಟರ್ ಕಡಿಮೆಯಾಗಿತ್ತು, ಅಷ್ಟೇ. ಗುಟ್ಟೆಲ್ಲ ಒಣಗಿಸೋದರಲ್ಲಿದೆ. ಹೆಂಟೆ ಹಪ್ಪಳದ ಹಾಗೆ ಒಣಗಿರಬೇಕು; ಒಳಗೆ ಸ್ವಲ್ಪ ತೇವ ಇದ್ದರೂ ಎಣ್ಣೆ ಇಳಿಯೋದಿಲ್ಲ. ಜೂನ್ ಮಳೆಗೆ ಸಿಕ್ಕ ಮೂರು ಚೀಲ ಹಾಗೇ ಕೆಟ್ಟವು. ಒಣಗಿದ್ದಾದರೆ, ಎಣ್ಣೆ ಕುಡಿದ ಹೆಂಟೆಗೆ ನೀರು ಹೊಯ್ದ ಕೂಡಲೇ ಸುಣ್ಣದ ಕಲ್ಲು ಅರಳಿದ ಹಾಗೆ ಬಿರಿಯುತ್ತೆ, ಕಣ್ಣೆದುರೇ ಕೆಸರಾಗುತ್ತೆ. ಆಮೇಲೆ ಅರ್ಧ ಮಿಲಿಮೀಟರಿನ ಜರಡಿ. ಜರಡಿಯಲ್ಲಿ ಉಳಿದ ಮರಳಿನಿಂದ ಹಲ್ಲು ಬೇರೆ ಮಾಡೋಕೆ ಬ್ರೋಮೋಫಾರ್ಮ್ ಎಂಬ ಭಾರದ, ವಿಷದ ದ್ರವ ಮುಟ್ಟಲಿಲ್ಲ, ಮನೆಯಲ್ಲಿ ಮಕ್ಕಳಿದ್ದಾರೆ. ಬದಲಿಗೆ ನನ್ನದೇ ಒಂದು ಉಪಾಯ ಇದೆ. ಅದನ್ನ ಸದ್ಯಕ್ಕೆ ಹೇಳೋದಿಲ್ಲ. ಮೊರ ಬಳಸಿದೆ ಅಂತ ಮಾತ್ರ ತಿಳಕೊಳ್ಳಿ.

ಸಿಕ್ಕಿದ್ದು ಮೂವತ್ತರ ಆಸುಪಾಸು ಇಲಿಜಾತಿಯ ಹಲ್ಲು. ಅದರಲ್ಲಿ ನನಗೆ ಬೇಕಾದ, ಮೇಲಿನ ಮೊದಲ ದವಡೆಹಲ್ಲು ಒಂಬತ್ತು. ಒಂದೊಂದೂ ಸಾಸಿವೆ ಕಾಳಿನಷ್ಟು. ಹ್ಯಾಮ್‌ಸ್ಟರ್ ಥರದ ಹಳಬರಲ್ಲಿ ಹಲ್ಲಿನ ಮೇಲಿನ ಉಬ್ಬುಗಳದು ಎರಡೇ ಸಾಲು. ಆಂಟೆಮಸ್‌ನಲ್ಲಿ ನಾಲಗೆ ಕಡೆಗೆ ಮೂರನೇ ಸಾಲು ಹುಟ್ಟಿದೆ, ಆದರೆ ಪಕ್ಕದವರ ಜೊತೆ ಇನ್ನೂ ಕೈ ಜೋಡಿಸಿಲ್ಲ. ಪ್ರೊಗೊನೊಮಿಸ್ ಹೊತ್ತಿಗೆ ಅಡ್ಡಸಾಲುಗಳು ಕೂಡಿ ಬಾಗಿದ ಏಣುಗಳಾಗಿವೆ, ಹಿಂದೆ ಮುಂದೆ ಅರೆಯೋದಕ್ಕೆ ಹೇಳಿ ಮಾಡಿಸಿದ ಹಾಗೆ.

ನನ್ನ ಒಂಬತ್ತರಲ್ಲಿ ಎರಡು ಹಲ್ಲಿನ ಉಬ್ಬುಗಳು ಕೂಡಿಕೊಂಡಂತೆ ಕಂಡವು. ಪ್ರೊಗೊನೊಮಿಸ್‌ಗಿಂತ ಮುಂಚಿನ, ಸುಮಾರು 1.3 ಕೋಟಿ ವರ್ಷದ ಪದರದಲ್ಲೇ! ವಾರವಿಡೀ ನೆಲದ ಮೇಲೆ ಕಾಲಿರಲಿಲ್ಲ, ನಕ್ಕಿದ್ದ ಹಿರಿಯರಿಗೂ ಫೋಟೊ ಕಳಿಸಿದೆ.

ನನ್ನನ್ನ ನೆಲಕ್ಕೆ ಇಳಿಸಿದ್ದು ಗೂಬೆ. ನಮ್ಮ ಹಳ್ಳಿಯ ಹಾಳು ವಾಡೆಯ ಅಟ್ಟದಲ್ಲಿ ಕಣಜಗೂಬೆ ಕಾರಿದ ಉಂಡೆಗಳನ್ನ, ಸುಮ್ಮನೆ ಹೋಲಿಕೆಗೆ ಇರಲಿ ಅಂತ, ಬುಟ್ಟಿ ತುಂಬ ತಂದಿದ್ದೆ. ಬಿಸಿನೀರಲ್ಲಿ ನೆನೆಸಿ ಬಿಡಿಸಿದರೆ ಈಗಿನ ಹೊಲದ ಇಲಿಗಳ ತಲೆಬುರುಡೆಗಳು, ಮರಿಯಿಂದ ಮುದಿ ತನಕ. ಸಾಲಾಗಿ ಜೋಡಿಸಿದೆ. ಮರಿಗಳಲ್ಲಿ ಉಬ್ಬು ಚೂಪು. ಮುದಿಯವುಗಳಲ್ಲಿ ಸವೆದು, ಒಳಗಿನ ದಂತಭಾಗ ತೆರೆದು, ಪಕ್ಕದ ಉಬ್ಬಿನ ಜೊತೆ ಕಲೆತು ಕೊಳದ ಥರ ಆಗಿದೆ. ನನ್ನ 'ಕೂಡಿದ' ಎರಡೂ ಮುದಿ ಇಲಿಗಳ ಹಲ್ಲು! ಫೋಟೊ ಹಿಂದಕ್ಕೆ ತಗೊಳ್ಳೋಕಾಗುತ್ತಾ? ಹಿರಿಯರಿಗೆ ಫೋನ್ ಮಾಡಿ ಒಪ್ಪಿಕೊಂಡೆ. "ಉಳಿದ ಏಳು?" ಅಂದರು. ಏಳರಲ್ಲೂ ಮೂರನೇ ಸಾಲು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಇತ್ತು. ಅವರು ಟನ್ನುಗಟ್ಟಲೆ ಅಂದಿದ್ದರು, ನನಗೆ ಸಿಕ್ಕಿದ್ದು ಅರ್ಧ ಟನ್ನಿನಷ್ಟು ಮಣ್ಣಲ್ಲಿ! ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಮೊರದ ವಿಷಯ. ಅವರಿಗೂ ಹೇಳಲಿಲ್ಲ.

ಈಗ ಹಿಮಾಚಲದ ಹರಿತಲ್ಯಾಂಗರ್‌ದು ಮೂರು ಚೀಲ ಬಂದಿದೆ. ಅದು ಸುಮಾರು 90 ಲಕ್ಷ ವರ್ಷದ ಮಣ್ಣು, ಅಷ್ಟೊತ್ತಿಗೆ ಏಣು ಕೂಡಿರಲೇಬೇಕು. ಒಂದು ಚೀಲ ತೊಳೆದೆ, ನಾಲ್ಕು ಹಲ್ಲು ಸಿಕ್ಕವು, ಮೂರು ಸವೆದವು. ಸವೆಯದ ಒಂದರಲ್ಲಿ ಮೂರೂ ಉಬ್ಬು ಕೈ ಹಿಡಿದು ನಿಂತಿವೆ. ಒಂದೇ ಹಲ್ಲು ನಂಬಿ ಮತ್ತೆ ಫೋಟೊ ಕಳಿಸೋ ಧೈರ್ಯ ಇಲ್ಲ. ಮಿಕ್ಕ ಎರಡು ಚೀಲ ತಾರಸಿಯಲ್ಲಿ ಒಣಗ್ತಿವೆ, ಸಂಜೆ ಮೋಡ ಕಟ್ಟಿದರೆ ಮನೆಮಂದಿಯೆಲ್ಲ ಒಣಹಾಕಿದ ಬಟ್ಟೆ ಬಿಟ್ಟು ಮಣ್ಣು ಎತ್ತೋಕೆ ಓಡ್ತೀವಿ.